ಸೋಮನಾಥಪುರದ ಶಿಲ್ಪದ ಚಿತ್ರಕ್ಕೆ ಕಟ್ಟು ಹಾಕಿಸುವಾಗ ಏನೇನು ನೋಡಿಕೊಳ್ಳಬೇಕು?

ಕಾವೇರಿತಡಿ:
ಸೋಮನಾಥಪುರದ ಕೇಶವ ದೇವಾಲಯದ ಹೊರಗೋಡೆಯಲ್ಲಿರುವ ಒಂದು ವಿಷ್ಣುಮೂರ್ತಿಯ ಚಿತ್ರ ತೆಗೆದಿದ್ದೇನೆ. ಕ್ಯಾಮೆರಾ 24 ಮೆಗಾಪಿಕ್ಸೆಲ್‌ನದು. ಅದನ್ನು ದೊಡ್ಡದಾಗಿ ಮುದ್ರಿಸಿ, ಕಟ್ಟು ಹಾಕಿಸಿ, ಅಪ್ಪಾಜಿ ಓದುವ ಕೋಣೆಯಲ್ಲಿ ತೂಗುಹಾಕುವ ಆಸೆ. ಅವರು ಕನ್ನಡ ಮೇಷ್ಟರಾಗಿ ನಿವೃತ್ತರಾದವರು. ಮೂರ್ತಿಯ ಕೆಳಗೆ, ಪೀಠದ ಅಂಚಿನಲ್ಲಿ, ಮಲ್ಲಿತಮ್ಮ ಎಂದು ಕೊರೆದಿದೆ. ಅಪ್ಪಾಜಿ ಅದನ್ನು ಕುಳಿತಲ್ಲಿಂದಲೇ ಓದುವಂತಿರಬೇಕು. ಇಲ್ಲಿನ ಕಟ್ಟು ಹಾಕುವ ಅಂಗಡಿಯವರು ಹೊಳಪಿನ ಕಾಗದ, ಚಿನ್ನದ ಬಣ್ಣದ ಪಟ್ಟಿ, ಮುಂದೆ ಗಾಜು ಎನ್ನುತ್ತಾರೆ. ಮೂರ್ತಿ ನಡುವೆ ಬರಲಿ ಎಂದು ಕೆಳಗಿನ ಪೀಠವನ್ನು ಕತ್ತರಿಸುವ ಸಲಹೆಯನ್ನೂ ಕೊಟ್ಟರು. ನನಗೆ ಮನಸ್ಸು ಒಪ್ಪುತ್ತಿಲ್ಲ. ಬಲ್ಲವರು ತಿಳಿಸಿ.

ತೇಗದಪಟ್ಟಿ:
ಪೀಠವನ್ನು ಯಾವ ಕಾರಣಕ್ಕೂ ಕತ್ತರಿಸಲು ಬಿಡಬೇಡಿ. ಕಟ್ಟು ಹಾಕುವುದೇ ನನ್ನ ಕಸುಬು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ನಮ್ಮ ನಾಡಿನ ಎಷ್ಟೋ ದೇವಾಲಯಗಳಲ್ಲಿ ಕಟ್ಟಿಸಿದ ದೊರೆಯ ಹೆಸರು ಸಿಗುತ್ತದೆ, ಕಡೆದವನ ಹೆಸರು ಸಿಗುವುದಿಲ್ಲ. ಹೊಯ್ಸಳರ ಶಿಲ್ಪಿಗಳು ತಮ್ಮ ಹೆಸರನ್ನು ತಾವೇ ಕೊರೆದಿಟ್ಟರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ; ಸೋಮನಾಥಪುರದಲ್ಲಿ ಮಲ್ಲಿತಮ್ಮ. ಆ ಅಕ್ಷರಗಳಿರುವುದು ಪೀಠದಲ್ಲೇ. ಅಂಗಡಿಯಲ್ಲಿ ಮೊದಲು ಕತ್ತರಿ ಬೀಳುವುದೂ ಅಲ್ಲಿಗೇ.

ಇನ್ನೊಂದು ಅಪಾಯವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕಟ್ಟಿನ ಪಟ್ಟಿ ಚಿತ್ರದ ನಾಲ್ಕೂ ಅಂಚುಗಳನ್ನು ಸುಮಾರು ಕಾಲು ಇಂಚು ನುಂಗುತ್ತದೆ. ಚಿತ್ರದ ಸುತ್ತ ಗಾಜಿನ ಹಿಂದೆ ಕೂರುವ ದಪ್ಪ ರಟ್ಟು, ಅಂದರೆ ಮೌಂಟ್ ಬೋರ್ಡ್ ಹಾಕಿದರೆ ಅದೂ ಒಂದಿಷ್ಟು ಮುಚ್ಚುತ್ತದೆ. ಆದ್ದರಿಂದ ಮುದ್ರಿಸುವಾಗಲೇ ಚಿತ್ರದ ಸುತ್ತ ಒಂದೂವರೆ ಇಂಚು ಬಿಳಿ ಕಾಗದ ಬಿಡಿಸಿ. ಪಟ್ಟಿ ಅದರ ಮೇಲೆ ಕೂರಲಿ, ಕಲ್ಲಿನ ಮೇಲಲ್ಲ.

ಹೊಳಪಿನ ಕಾಗದ ಬೇಡವೇ ಬೇಡ. ಸೋಮನಾಥಪುರದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಮೂರ್ತಿಯ ಹಾರದಲ್ಲಿ ಒಂದೊಂದು ಮಣಿಯೂ ಬಿಡಿಯಾಗಿ ನಿಲ್ಲಲು ಆ ಗುಣವೇ ಕಾರಣ. ಮಣಿ ಮಣಿಯ ನಡುವಿನ ಕಪ್ಪು ಹಾಗೇ ಉಳಿಯಬೇಕಾದರೆ ಹೊಳಪಿಲ್ಲದ ಹತ್ತಿಯ ಕಾಗದ ಮತ್ತು ಪಿಗ್ಮೆಂಟ್ ಶಾಯಿ ಒಳ್ಳೆಯದು. ಖರ್ಚು ಹೆಚ್ಚು, ಆದರೆ ಬಣ್ಣ ಬೇಗ ಮಾಸುವುದಿಲ್ಲ. ಮಾಮೂಲಿ ಗಾಜಿನ ಬದಲು ಪ್ರತಿಫಲನ ತಡೆಯುವ ಗಾಜು ಕೇಳಿ. ಇಲ್ಲದಿದ್ದರೆ ಅಪ್ಪಾಜಿಯವರಿಗೆ ಮಲ್ಲಿತಮ್ಮನ ಬದಲು ಟ್ಯೂಬ್‌ಲೈಟ್ ಕಾಣುತ್ತದೆ. ಗಾಜು ಕಾಗದಕ್ಕೆ ಅಂಟಬಾರದು, ನಡುವೆ ಮೌಂಟ್ ಬೋರ್ಡಿನಷ್ಟು ಅಂತರವಿರಲಿ. ಆ ಬೋರ್ಡ್ ಆಮ್ಲರಹಿತವಾಗಿರಬೇಕು, ಅಗ್ಗದ್ದು ಕೆಲವೇ ವರ್ಷಗಳಲ್ಲಿ ಅಂಚನ್ನು ಹಳದಿ ಮಾಡುತ್ತದೆ. ಪಟ್ಟಿಗೆ ತೆಳುವಾದ ಕಪ್ಪು ಅಥವಾ ತೇಗ ಸಾಕು. ಚಿನ್ನದ ಬಣ್ಣ ಆ ಬೂದು ಹಸಿರು ಕಲ್ಲನ್ನು ಮಂಕು ಮಾಡುತ್ತದೆ.

ಬಿಸಿಲುಗೋಡೆ:
ಚಿತ್ರ ತೆಗೆದದ್ದು ಯಾವ ಹೊತ್ತಿನಲ್ಲಿ? ಬೆಳಕು ಎದುರಿನಿಂದ ನೇರವಾಗಿ ಬಿದ್ದಿದ್ದರೆ ಎಷ್ಟು ಒಳ್ಳೆಯ ಕಾಗದವೂ ಉಬ್ಬನ್ನು ತೋರಿಸಲಾರದು. ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗಬೇಕು. ದೇವಾಲಯ ನಕ್ಷತ್ರಾಕಾರದ್ದು, ಗೋಡೆಯ ಒಂದೊಂದು ಮುಖವೂ ಒಂದೊಂದು ದಿಕ್ಕಿಗೆ ತಿರುಗಿದೆ, ಹಾಗಾಗಿ ಒಂದಕ್ಕೆ ಒಳ್ಳೆಯ ಹೊತ್ತು ಪಕ್ಕದ್ದಕ್ಕೆ ಅಲ್ಲ. ಅಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಆ ದಿನಗಳಲ್ಲಿ ಉತ್ತರದ ಗೋಡೆಗೆ ಮೇಲಿನಿಂದ ಇಳಿಯುವ ಬೆಳಕು ಅದ್ಭುತ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಕೈಯಲ್ಲಿ ಹಿಡಿದು ತೆಗೆಯಲು ಅಡ್ಡಿಯಿಲ್ಲ.

ಕಾವೇರಿತಡಿ:
ಬೆಳಕು ಎಡಗಡೆ ಮೇಲಿನಿಂದ ಬಿದ್ದಿದೆ, ಅಕ್ಷರಗಳು ಸ್ಪಷ್ಟವಾಗಿವೆ. 20×30 ಇಂಚಿಗೆ ಮುದ್ರಿಸಬಹುದೇ? ಕಪ್ಪು ಬಿಳುಪು ಮಾಡಲೇ?

ಬಿಸಿಲುಗೋಡೆ:
ಧಾರಾಳವಾಗಿ. ಪೂರ್ತಿ ಚಿತ್ರ ಬಳಸಿದರೆ ಇಂಚಿಗೆ 200 ಪಿಕ್ಸೆಲ್ ಸಿಗುತ್ತದೆ, ಗೋಡೆಯ ಚಿತ್ರಕ್ಕೆ ಅಷ್ಟು ಸಾಕು. ಬಣ್ಣದಲ್ಲೇ ಇರಲಿ ಎನ್ನುತ್ತೇನೆ. ಮಳೆನೀರು ಇಳಿದ ಕಲೆ, ಕಲ್ಲಿನ ಹಸಿರು ಛಾಯೆ, ಇವೂ ಆ ಗೋಡೆಗೆ ಸೇರಿದವೇ.

ತೇಗದಪಟ್ಟಿ:
ನನ್ನ ಓಟು ಕಪ್ಪು ಬಿಳುಪಿಗೆ. ಅಕ್ಷರ ಇನ್ನಷ್ಟು ಎದ್ದು ಕಾಣುತ್ತದೆ. ಎರಡನ್ನೂ ಅಂಗೈಯಗಲ ಮುದ್ರಿಸಿ ಅಪ್ಪಾಜಿಯವರ ಮುಂದಿಡಿ, ಅವರೇ ಆರಿಸಲಿ. ಬೆಳಕು ಎಡದಿಂದ ಬಂದಿದೆ ಎಂದಿರಿ. ಕೋಣೆಯ ಕಿಟಕಿಯೂ ಚಿತ್ರದ ಎಡಕ್ಕೆ ಬರುವ ಗೋಡೆ ಸಿಕ್ಕರೆ ಅಲ್ಲೇ ಹಾಕಿ. ಮೂರ್ತಿಯ ನೆರಳು ಆ ಕಿಟಕಿಯ ಬೆಳಕಿನದೇ ಎಂದು ಕಣ್ಣು ನಂಬುತ್ತದೆ, ಉಬ್ಬು ದುಪ್ಪಟ್ಟಾದಂತೆ ಕಾಣುತ್ತದೆ. ನೇರ ಬಿಸಿಲು ಮಾತ್ರ ಬೀಳಬಾರದು. ಸ್ನಾನದ ಮನೆಗೆ ಅಂಟಿದ ಗೋಡೆಯೂ ಬೇಡ, ತೇವಕ್ಕೆ ಕಾಗದ ಅಲೆಯೇಳುತ್ತದೆ. ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ರಬ್ಬರ್ ಬಿಲ್ಲೆ ಅಂಟಿಸಿದರೆ ಗಾಳಿಯಾಡುತ್ತದೆ. ಎತ್ತರವನ್ನು ಅಪ್ಪಾಜಿಯವರನ್ನು ಕುರ್ಚಿಯಲ್ಲಿ ಕೂರಿಸಿಕೊಂಡೇ ಗುರುತು ಮಾಡಿ. ಪೀಠ ಅವರ ಕಣ್ಣಿನ ಮಟ್ಟಕ್ಕೆ ಬರಲಿ.