ಹೀರೋ ಕಾಣ್ತಿಲ್ಲ, ಲ್ಯಾಂಪ್ ನೋಡಿ

"ಸೂಪರ್ ಹೀರೋ ಸಿನಿಮಾ, ಮೂರು ಗಂಟೆ ಸೀನಣ್ಣ, ಮೂರು ಗಂಟೆ! ಹೀರೋ ಮುಖ ಒಂದು ಸಲಾನೂ ಪೂರ್ತಿ ಕಾಣಲ್ಲ. ಅವನ ಮನಸ್ಸಿನ ಕತ್ತಲೆನ ಡೈರೆಕ್ಟರು ಹಂಗೇ ಪರದೆ ಮೇಲೆ ತಂದಿದ್ದಾನೆ," ಅಂದ ಕಿಟ್ಟಿ. ಹನುಮಂತನಗರದ ದರ್ಶಿನಿಯಲ್ಲಿ ನಿಂತೇ ಕುಡಿಯಬೇಕಾದ ಬೈ-ಟೂ ಕಾಫಿ ಅವನ ಭಾವಾವೇಶಕ್ಕೆ ಆಗಲೇ ಆರಿಹೋಗಿತ್ತು.

"ತ್ರೀಡಿ ಫಿಲ್ಟರ್ ತೆಗೆದಿದ್ರಾ?" ಅಂದರು ಸೀನಣ್ಣ.

"ಏನು?"

"ಹಿಂದಿನ ಷೋ ತ್ರೀಡಿ ಇತ್ತಾ ಅಂತ. ಅದರ ಫಿಲ್ಟರನ್ನ ಪ್ರೊಜೆಕ್ಟರ್ ಮುಂದೆ ಹಂಗೇ ಬಿಟ್ಟಿದ್ರೆ ಅರ್ಧಕ್ಕಿಂತ ಜಾಸ್ತಿ ಬೆಳಕು ಅಲ್ಲೇ ಇಂಗಿಹೋಗುತ್ತೆ. ಆಗ ನೀನು ನೋಡಿದ್ದು ಮನಸ್ಸಿನ ಕತ್ತಲೆ ಅಲ್ಲಪ್ಪ, ಆಪರೇಟರ್ ಸೋಮಾರಿತನ."

ಕಿಟ್ಟಿ ಶಾರದಕ್ಕನ ಮುಖ ನೋಡಿದ. ಶಾರದಕ್ಕ ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸುತ್ತಿದ್ದರು.

"ಇದಕ್ಕೆ ಲೆಕ್ಕ ಅಂತ ಒಂದಿದೆ ಕಣೋ. ಸಿನಿಮಾ ಹಾಕದೆ ಬರೀ ಬಿಳಿ ಬೆಳಕು ಬಿಟ್ಟು, ಪರದೆ ನಡುವೆ ಮೀಟರ್ ಹಿಡಿದು ನೋಡಿದರೆ 14 ಫುಟ್-ಲ್ಯಾಂಬರ್ಟ್ ಬರಬೇಕು. ಈಗಿನವರ ಭಾಷೇಲಿ 48 ನಿಟ್. ತ್ರೀಡಿ ಕನ್ನಡಕ ಏರಿಸಿದ ಮೇಲೆ ಅದರಲ್ಲಿ ಮೂರನೇ ಒಂದು ಭಾಗ ಕಣ್ಣಿಗೆ ಸಿಕ್ಕರೆ ಪುಣ್ಯ. ಇನ್ನು ಪ್ರೊಜೆಕ್ಟರ್ ಒಳಗಿನ ಕ್ಸೆನಾನ್ ಲ್ಯಾಂಪು. ಹಳೇದಾದ ಹಾಗೆ ಒಳಗಿನ ಟಂಗ್‌ಸ್ಟನ್ ಗಾಜಿಗೆ ಮೆತ್ಕೊಂಡು ಲ್ಯಾಂಪೇ ಕಪ್ಪಾಗುತ್ತೆ. ಬೆಳಕು ಕಮ್ಮಿ ಆದ ಹಾಗೆ ಆಂಪಿಯರ್ ಏರಿಸ್ತಾ ಹೋಗಬೇಕು, ಏರಿಸೋಕೆ ಜಾಗ ಇಲ್ಲ ಅಂದಾಗ ಬದಲಾಯಿಸಬೇಕು. ದುಡ್ಡು ಉಳೀತು ಅಂತ ಇನ್ನೊಂದು ವಾರ ಎಳೆದರೋ, ಒಂದಿನ ಢಮಾರ್! ಲ್ಯಾಂಪಿನ ಜೊತೆ ಹಿಂದಿನ ಕನ್ನಡೀನೂ ಚೂರು. ಒಳಗೆ ಅಷ್ಟು ಒತ್ತಡದ ಗ್ಯಾಸ್ ಇರುತ್ತೆ. ಅದಕ್ಕೇ ಬಿಚ್ಚುವಾಗ ಮುಖಕ್ಕೆ ಶೀಲ್ಡು, ಮೈಗೆ ದಪ್ಪ ಜಾಕೆಟ್ಟು, ಕೈಗೆ ಗ್ಲೌಸು."

"ಬ್ಯಾಟ್‌ಮ್ಯಾನ್ ಪ್ರೊಜೆಕ್ಟರ್ ರೂಮಲ್ಲೇ ಇರ್ತಾನೆ ಅನ್ನಿ," ಅಂದರು ಶಾರದಕ್ಕ.

"ಬಲ್ಬು ಬಿಡಿ ಸೀನಣ್ಣ, ಕಲೆ ಮಾತಾಡೋಣ. 2008ರ 'ದಿ ಡಾರ್ಕ್ ನೈಟ್' ತಗೊಳ್ಳಿ. ಹೆಸರಲ್ಲೇ ಕತ್ತಲೆ ಇದೆ."

"ಹೆಸರಲ್ಲಿ ಮಾತ್ರ. ಶುರುವಿನ ಬ್ಯಾಂಕ್ ದರೋಡೆ ಹಾಡಹಗಲು. ಆಸ್ಪತ್ರೆ ಉಡಾಯಿಸೋದು ಹಗಲು. ಜೋಕರ್ ವಿಚಾರಣೆ ಸೀನು ನೆನಪು ಮಾಡ್ಕೋ. ಮೊದಲು ಒಂದೇ ಟೇಬಲ್ ಲ್ಯಾಂಪು. ಆಮೇಲೆ ಪಕ್ಕನೆ ರೂಮಿನ ಲೈಟೆಲ್ಲ ಹತ್ಕೊಳ್ಳುತ್ತೆ, ನೋಡಿದ್ರೆ ಬ್ಯಾಟ್‌ಮ್ಯಾನ್ ಅವನ ಬೆನ್ನ ಹಿಂದೆ! ಅಲ್ಲಿಂದ ಮುಂದಿನ ಹೊಡೆತ ಎಲ್ಲಾ ಸಬ್‌ರಿಜಿಸ್ಟ್ರಾರ್ ಆಫೀಸಿನ ಬೆಳಕಲ್ಲಿ. ಎದೆ ಝಲ್ಲನ್ನೋದು ಅದಕ್ಕೇ. ಆಮೇಲೆ ಬಂದವರು ಆ ಸಿನಿಮಾ ನೋಡಿ ಕಲಿತದ್ದು ಒಂದೇ, ಸ್ವಿಚ್ ಆರಿಸೋದು."

"ಮಳೆ?" ಕಿಟ್ಟಿ ಸೋಲುವ ಪೈಕಿಯಲ್ಲ.

"ಮಳೆ ಹನಿ ಕ್ಯಾಮೆರಾಗೆ ಕಾಣಬೇಕಾದ್ರೆ ಹಿಂದಿನಿಂದ ಲೈಟ್ ಬಿಡಬೇಕು. ಮುಂದಿನಿಂದ ಬಿಟ್ಟರೆ ಮಳೆ ಮಾಯ, ಹೀರೋ ಸುಮ್ಮನೆ ಒದ್ದೆ ಬೆಕ್ಕು. ಅಂದ್ರೆ ನಿನ್ನ ಒಂಟಿ ವೀರ ಕತ್ತಲಲ್ಲಿ ನಿಂತು ಕೊರಗಬೇಕಾದ್ರೆ ಅವನ ಹಿಂದೆ ಮದುವೆ ಮನೆಗಾಗುವಷ್ಟು ಲೈಟು."

"ಆದ್ರೂ ರಿಯಲಿಸ್ಟಿಕ್ಕು. ಬ್ಯಾಟ್‌ಮ್ಯಾನ್ ಬೆನ್ನಿನ ಕೇಪಿಗೆ ಕರೆಂಟ್ ಹರಿಸಿದ್ರೆ ಬಟ್ಟೆ ಗಟ್ಟಿಯಾಗಿ ರೆಕ್ಕೆ ಆಗುತ್ತೆ, ಅದರಲ್ಲಿ ತೇಲ್ತಾನೆ. ಎಲ್ಲಕ್ಕೂ ಕಾರಣ ಕೊಟ್ಟಿದ್ದಾರೆ."

"ಅದನ್ನೂ ಲೆಕ್ಕ ಹಾಕಿದ್ದಾರೆ, ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಫಿಸಿಕ್ಸ್ ಹುಡುಗರು. 150 ಮೀಟರ್ ಎತ್ತರದಿಂದ ಹಾರಿದರೆ ಸುಮಾರು 350 ಮೀಟರ್ ದೂರ ತೇಲ್ತಾನೆ. ಅಲ್ಲೀವರೆಗೆ ಸರಿ. ಇಳಿಯುವಾಗ ವೇಗ ಗಂಟೆಗೆ 80 ಕಿಲೋಮೀಟರ್. ಆಸಾಮಿ ಉಳಿಯಲ್ಲ."

"ಎಂಬತ್ತಾ? ಬೆಂಗಳೂರಲ್ಲಾ?" ಶಾರದಕ್ಕ ವಡೆ ಬಿಟ್ಟರು. "ಸತ್ತರೂ ಚಿಂತೆಯಿಲ್ಲ, ಟೈಮಿಗೆ ತಲುಪ್ತಾನಲ್ಲ! ಮುನ್ನೂರೈವತ್ತು ಮೀಟರಿಗೆ ಆಟೋದವನೂ ಬರಲ್ಲ."

"ಇಲ್ಲಿ ಇಳಿಯೋ ಪ್ರಶ್ನೆಯೇ ಇಲ್ಲ ಶಾರದಕ್ಕ. ಎರಡನೇ ಮಹಡಿ ಹತ್ರ ಇಂಟರ್ನೆಟ್ ಕೇಬಲ್ಲಿಗೆ ಸಿಕ್ಕೊಂಡು ಒಣಗಿದ ಗಾಳಿಪಟದ ಥರ ನೇತಾಡ್ತಾನೆ. ಅರ್ಧ ಬಡಾವಣೆಯ ವೈಫೈ ಹೋಗುತ್ತೆ. ಜನ ಕಳ್ಳನ್ನ ಬಿಟ್ಟು ಇವನಿಗೇ ಬಾರಿಸ್ತಾರೆ."

ಕಿಟ್ಟಿಗೆ ನಗು ತಡೆಯಲಾಗಲಿಲ್ಲ. ಆದರೂ ಗಂಭೀರನಾದ. "ಹಾಗಲ್ಲ ಸೀನಣ್ಣ. ಒಳ್ಳೆಯವನು ಸುಮ್ಸುಮ್ನೆ ಒಳ್ಳೆಯವನು ಅಂದ್ರೆ ಇವತ್ತು ಯಾರು ನಂಬ್ತಾರೆ? ಅವನಿಗೊಂದು ಗಾಯ ಇರಬೇಕು, ತಪ್ಪು ಮಾಡಿರಬೇಕು. ಫ್ರಾಂಕ್ ಮಿಲ್ಲರ್ 1986ರಲ್ಲೇ ಕಾಮಿಕ್ಸಲ್ಲಿ ಬ್ಯಾಟ್‌ಮ್ಯಾನಿಗೆ ಐವತ್ತೈದು ವಯಸ್ಸು ಮಾಡಿ, ಮೈಕೈ ನೋವು, ಸಿಟ್ಟು ಎಲ್ಲಾ ಕೊಟ್ಟ. ನಮ್ಮಂಥೋನು ಅನ್ನಿಸೋದು ಅಲ್ಲೇ."

"ಐವತ್ತೈದು ಆದರೆ ಮೈಕೈ ನೋಯುತ್ತೆ, ಅದಕ್ಕೆ ಅಮೆರಿಕದವರು ಹೇಳಬೇಕಾ?" ಅಂದರು ಶಾರದಕ್ಕ, ಮಂಡಿ ಒತ್ತಿಕೊಳ್ಳುತ್ತ.

ಸೀನಣ್ಣ ಇದಕ್ಕೆ ಮಾತ್ರ ತಕ್ಷಣ ಉತ್ತರ ಕೊಡಲಿಲ್ಲ. ಲೋಟದ ತಳದ ನೊರೆ ನೋಡುತ್ತ ನಿಂತರು.

"1968ರಲ್ಲಿ ರಾಜ್‌ಕುಮಾರ್ ಸಿ.ಐ.ಡಿ. 999 ಆಗಿ ಬಂದರು, 'ಜೇಡರ ಬಲೆ'ಯಲ್ಲಿ. ಕೋಟು, ಪಿಸ್ತೂಲು. ಇವರ ಅಪ್ಪ ಅಮ್ಮನ್ನ ಯಾರು ಕೊಂದರು, ಅದಕ್ಕೇ ಹಿಂಗೆ ಕಳ್ಳರ ಹಿಂದೆ ಬಿದ್ದಿದ್ದಾರಾ ಅಂತ ಯಾರಾದ್ರೂ ಕೇಳಿದ್ರಾ? ಸರ್ಕಾರಿ ಕೆಲಸ, ಸಂಬಳ ಬರುತ್ತೆ, ಮಾಡ್ತಾರೆ. ಕಳ್ಳ ಸಿಕ್ಕಿದ, ಮನೆಗೆ ಹೋದ್ವಿ."

"ಆಗ ಮುಖ ಕಾಣ್ತಿತ್ತಾ?"

"ಕಾಣದೆ? ಆಗ ಲ್ಯಾಂಪ್ ಎಲ್ಲಿ, ಕಾರ್ಬನ್ ಕಡ್ಡಿ. ಪಾಸಿಟಿವ್ ಒಂದು, ನೆಗೆಟಿವ್ ಒಂದು, ನಡುವೆ ಚೂರು ಸಂದು, ಅಲ್ಲಿ ಕರೆಂಟಿನ ಕಿಡಿ ಉರಿಯುತ್ತೆ. ಉರೀತಾ ಉರೀತಾ ಕಡ್ಡಿ ಸವೆಯುತ್ತೆ, ಸಂದು ದೊಡ್ಡದಾಗುತ್ತೆ, ಪರದೆ ಮೇಲೆ ಬೆಳಕು ಕೆಡುತ್ತೆ. ಬಣ್ಣದ ಗಾಜಿನ ಕಿಂಡೀಲಿ ನೋಡ್ತಾ, ತಿರುಪು ತಿರುಗಿಸಿ ಕಡ್ಡಿಗಳನ್ನ ಹತ್ತಿರ ತರ್ತಾನೇ ಇರಬೇಕು. ಸಾವಿರ ಅಡಿ ರೀಲು ಹನ್ನೊಂದು ನಿಮಿಷ, ಆಮೇಲೆ ಪಕ್ಕದ ಮಿಷಿನ್ನು. ಅಣ್ಣಾವ್ರ ಕ್ಲೋಸಪ್ ಬರೋ ಹೊತ್ತಿಗೆ ಬೆಳಕು ಮಂಕಾಯ್ತೋ, ಗಾಂಧಿ ಕ್ಲಾಸಿಂದ ಆಪರೇಟರ್ ವಂಶಕ್ಕೆಲ್ಲ ಮಂಗಳಾರತಿ."

"ಇರಿ, ನಾನು ನೋಡಿದ ಸಿನಿಮಾದ ಒಂದು ಸೀನ್ ತೋರಿಸ್ತೀನಿ, ಆಮೇಲೆ ಹೇಳಿ," ಅಂತ ಕಿಟ್ಟಿ ಫೋನು ತೆಗೆದ. ದರ್ಶಿನಿಯ ಟ್ಯೂಬ್‌ಲೈಟ್ ಕೆಳಗೆ ಮೂರು ತಲೆ ಬಗ್ಗಿದವು. ಗೊಗ್ಗರು ದನಿಯಲ್ಲಿ ಯಾರೋ ಏನೋ ಹೇಳುತ್ತಿದ್ದರು, ಮಳೆಯ ಸದ್ದಿತ್ತು, ಪರದೆ ಮಾತ್ರ ಕಪ್ಪು. ಅದರೊಳಗೆ ಮೂರು ಮುಖ ಸ್ಪಷ್ಟವಾಗಿ ಕಂಡವು, ಮೂರೂ ಇವರದೇ. ಶಾರದಕ್ಕ ಹಣೆ ಮೇಲಿನ ಕೂದಲು ಸರಿಮಾಡಿಕೊಂಡರು.

"ಕೊಡು ಇಲ್ಲಿ," ಅಂತ ಸೀನಣ್ಣ ಫೋನು ಇಸಕೊಂಡು ಕಣ್ಣಿನ ಹತ್ತಿರ ಹಿಡಿದರು. ಬಲಗೈಯ ಎರಡು ಬೆರಳು ಫೋನಿನ ಅಂಚಿನಲ್ಲಿ ಏನನ್ನೋ ಹಿಡಿದು ಮೆಲ್ಲಗೆ ತಿರುಗಿಸುತ್ತಿದ್ದವು.

"ಬ್ರೈಟ್‌ನೆಸ್ ಅಲ್ಲಿಲ್ಲ ಸೀನಣ್ಣ, ಮೇಲಿಂದ ಕೆಳಕ್ಕೆ ಎಳೀಬೇಕು," ಅಂದ ಕಿಟ್ಟಿ.

"ಗೊತ್ತು ಕಣೋ," ಅಂದರು ಸೀನಣ್ಣ. ಬೆರಳು ತಿರುಗಿಸುತ್ತಲೇ ಇದ್ದರು.