ಬ್ರೇಕ್ ಒತ್ತಿದಾಗ ಕೀ... ಅನ್ನೋ ಸದ್ದು, ಮನೆಯಲ್ಲೇ ಸರಿ ಮಾಡಬಹುದಾ?

ತೀರ್ಥಹಳ್ಳಿ_ಟೀಚರ್:
ನಮ್ಮದು ಹಳೇ ಪೆಟ್ರೋಲ್ ಕಾರು. ಮುಂದೆ ಡಿಸ್ಕ್, ಹಿಂದೆ ಡ್ರಮ್. ದಿನಾ ಶಾಲೆಗೆ ಓಡಿಸುತ್ತೇನೆ, ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುತ್ತೇವೆ. ಈಗ ಮೆಲ್ಲಗೆ ಬ್ರೇಕ್ ಒತ್ತಿದರೆ ಮುಂದಿನ ಎಡ ಚಕ್ರದಿಂದ ಕೀ... ಅಂತ ಸದ್ದು. ಗ್ಯಾರೇಜಿನವರು ಚಕ್ರ ಬಿಚ್ಚದೆಯೇ ಪ್ಯಾಡು (ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವುದು), ಡಿಸ್ಕು ಎರಡೂ ಬದಲಿಸಬೇಕು ಅಂದರು. ಜಾಕಿ, ಸ್ಪ್ಯಾನರ್ ಸೆಟ್ ಮನೆಯಲ್ಲಿವೆ. ಮೊದಲು ನಾನೇ ಏನು ನೋಡಬಹುದು?

ಕರಾವಳಿ_ಕಾರು:
ಮಳೆಯಲ್ಲಿ ನಿಂತ ಕಾರಾ? ಡಿಸ್ಕ್ ಮೇಲೆ ತೆಳುವಾಗಿ ತುಕ್ಕು ಹಿಡಿಯುತ್ತದೆ. ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಉಜ್ಜಿ ಹೋಗುತ್ತದೆ. ಬೆಳಿಗ್ಗೆ ಮಾತ್ರ ಸದ್ದು ಬಂದರೆ ಸುಮ್ನೆ ಬಿಡಿ.

ತೀರ್ಥಹಳ್ಳಿ_ಟೀಚರ್:
ಇಲ್ಲ ಸರ್, ಸಂಜೆಯೂ ಬರುತ್ತದೆ.

ಘಾಟಿ_ಡ್ರೈವರ್:
ಮೇಡಂ, ಬಿಚ್ಚಿ ನೋಡದೆ ಡಿಸ್ಕಿಗೆ ದುಡ್ಡು ಕೊಡಬೇಡಿ. ನಾನು ಬಾಡಿಗೆ ಕಾರು ಓಡಿಸುವವನು, ನನ್ನ ಗಾಡಿಯ ಬ್ರೇಕ್ ಕೆಲಸ ನಾನೇ ಮಾಡಿಕೊಳ್ಳುತ್ತೇನೆ.

ಗರಗರ ಅಂದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ ಅಂತ. ಆಗ ಗಾಡಿ ಓಡಿಸಲೇಬಾರದು. ಕೀ ಅನ್ನುವುದು ಬೇರೆ. ಬಹಳಷ್ಟು ಪ್ಯಾಡ್‌ಗಳಲ್ಲಿ ತಗಡಿನ ಸಣ್ಣ ನಾಲಿಗೆ ಇರುತ್ತದೆ. ಪ್ಯಾಡ್ 2-3 ಮಿ.ಮೀ.ಗೆ ಸವೆದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತದೆ. ಎಚ್ಚರಿಸಲೆಂದೇ ಇಟ್ಟಿರುವುದು.

ಸಮ ನೆಲದಲ್ಲಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆದು, ಗೇರಿಗೆ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ನಟ್ಟು ಸಡಿಲಿಸಿದ ಮೇಲೆ ಜಾಕಿ ಏರಿಸಿ. ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೆ ಮಲಗಿಸಿ, ಜಾಕಿ ಒಂದನ್ನೇ ನಂಬಬೇಡಿ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿದರೆ ತಂತಿಯಲ್ಲಿ ಕಟ್ಟಿ, ಬ್ರೇಕ್ ಪೈಪಿನ ಮೇಲೆ ನೇತುಬಿಡಬಾರದು.

ಒಳಗಿನ ಪ್ಯಾಡನ್ನು ಮರೆಯದೆ ನೋಡಿ. ಹೊರಗಿನದು ದಪ್ಪ ಇದೆ ಅಂತ ಸಮಾಧಾನ ಪಟ್ಟುಕೊಳ್ಳುವವರೇ ಜಾಸ್ತಿ. ಕ್ಯಾಲಿಪರ್ ಜಾರುವ ಪಿನ್ ಬಿಗಿಹಿಡಿದರೆ ಸಾಮಾನ್ಯವಾಗಿ ಒಳಗಿನದೇ ಬೇಗ ಸವೆಯುತ್ತದೆ.

ಎರಡೂ ದಪ್ಪ ಇದ್ದು ಮುಖ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಘಾಟಿಯ ಶಾಖ. ಎಮರಿ ಪೇಪರಿನಲ್ಲಿ ಹಗುರಕ್ಕೆ ಉಜ್ಜಿ. ಮೂಗಿಗೆ ಮಾಸ್ಕ್ ಬೇಕು, ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಇನ್ನು ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿಯಿರಿ, ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಬರಬೇಡಿ.

ತೀರ್ಥಹಳ್ಳಿ_ಟೀಚರ್:
ನೀವು ಹೇಳಿದ್ದೇ ನಿಜ ಅಣ್ಣಾ. ಒಳಗಿನ ಪ್ಯಾಡ್ ಸವೆದು ತಗಡು ತಾಗುತ್ತಿದೆ. ಕೆಳಗಿನ ಪಿನ್ ಅಲುಗುತ್ತಲೇ ಇಲ್ಲ. ಡಿಸ್ಕ್ ನುಣ್ಣಗಿದೆ, ಗೆರೆ ಇಲ್ಲ. ಎಡಗಡೆಗೆ ಮಾತ್ರ ಪ್ಯಾಡ್ ಹಾಕಿದರೆ ಸಾಕಾ?

ಘಾಟಿ_ಡ್ರೈವರ್:
ಬೇಡ. ಎರಡೂ ಕಡೆ ಹಾಕಿ, ಇಲ್ಲದಿದ್ದರೆ ಗಾಡಿ ಒಂದು ಕಡೆಗೆ ಎಳೆಯಬಹುದು. ಡಿಸ್ಕ್ ದಪ್ಪವನ್ನೂ ಅಳೆಯಿರಿ, ಕನಿಷ್ಠ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಅದರ ಮೇಲೇ ಕೊರೆದಿರುತ್ತಾರೆ. ಅಷ್ಟಿದ್ದರೆ ಬದಲಿಸುವುದು ಬೇಡ.

ಪಿನ್ ತೆಗೆದು ಒರೆಸಿ, ಬ್ರೇಕಿನ ಸಿಲಿಕೋನ್ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬುತ್ತದೆ. ತುಕ್ಕು ತಿಂದಿದ್ದರೆ ಪಿನ್ನನ್ನೇ ಬದಲಿಸಿ. ಪ್ಯಾಡಿನ ಮುಖಕ್ಕಾಗಲಿ ಡಿಸ್ಕಿಗಾಗಲಿ ಒಂದು ಹನಿಯೂ ತಾಗಬಾರದು. ಹೊಸ ಪ್ಯಾಡ್ ಕೂರಲು ಕ್ಯಾಲಿಪರಿನ ಪಿಸ್ಟನ್ ಒಳಗೆ ತಳ್ಳುವಾಗ ಬ್ರೇಕ್ ಆಯಿಲ್ ಡಬ್ಬಿ ನೋಡುತ್ತಿರಿ, ಉಕ್ಕಿ ಬಂದರೆ ಪೇಂಟ್ ಹೋಗುತ್ತದೆ.

ಎಲ್ಲ ಕೂಡಿಸಿದ ಮೇಲೆ, ಗಾಡಿ ಹೊರಡಿಸುವ ಮುಂಚೆ, ಪೆಡಲ್ ಗಟ್ಟಿಯಾಗುವ ತನಕ ಒತ್ತುತ್ತಾ ಇರಿ. ಇದನ್ನು ಬಿಟ್ಟರೆ ಮೊದಲ ಸಲ ಬ್ರೇಕ್ ಹಿಡಿಯುವುದೇ ಇಲ್ಲ.