ಬೋಟಿನ ದೀಪ ಮೂರೂ ಹಾಕಿದ್ರೆ ಮಂಕಾಗ್ತಿದೆ, ಅನುಭವ ಇರೋರು ಹೇಳಿ

ಕುಣಿಗಲ್ ಬಲೆಗಾರ:
ಮಾರ್ಕೋನಹಳ್ಳಿ ಹಿನ್ನೀರಲ್ಲಿ ನಮ್ಮದು ಮೀನಿನ ಕೆಲಸ. ಮಲ್ಪೆ ಕಡೆಯಿಂದ ಸೆಕೆಂಡ್ ಹ್ಯಾಂಡ್ 14 ಅಡಿ ಫೈಬರ್ ಬೋಟ್ ತಂದಿದೀನಿ, 12 ವೋಲ್ಟ್ ಬ್ಯಾಟರಿ. ಮೂತಿಯಲ್ಲಿ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಕಂಬದ ಮೇಲೆ ಬಿಳಿ. ಮೂರೂ 10 ವ್ಯಾಟ್ ಬಲ್ಬು. ಬಿಳಿ ಒಂದೇ ಹಾಕಿದ್ರೆ ಪರವಾಗಿಲ್ಲ. ಕೆಂಪು-ಹಸಿರು ಸ್ವಿಚ್ ಒತ್ತಿದ ತಕ್ಷಣ ಮೂರೂ ಮಂಕು. ಬಲ್ಬ್ ಎರಡು ಸಲ ಬದಲಾಯಿಸಿದೆ. ಫ್ಯೂಸ್ ಹೋಗ್ತಿಲ್ಲ. ಬ್ಯಾಟರಿ ಮೇಲೆ ಮೀಟರ್ ಇಟ್ರೆ 12.6 ತೋರಿಸುತ್ತೆ. ವೈರಿಂಗ್ ಪೂರ್ತಿ ಕಿತ್ತು ಹೊಸದು ಎಳೀಬೇಕಾ?

ಶಿರಾ ಸೀಮೆ:
ಬಲ್ಬ್ ಬಿಸಾಕಿ, ಎಲ್‌ಇಡಿ ಹಾಕಿ. ವಾಣಿವಿಲಾಸ ಸಾಗರ 89 ವರ್ಷ ಆದ್ಮೇಲೆ 2022ರಲ್ಲಿ ಕೋಡಿ ಬಿತ್ತಲ್ಲ, ಆ ವರ್ಷವೇ ನಾನೂ ನನ್ನ ಭಾವನೂ ಸೇರಿ ಬೋಟ್ ತಗೊಂಡ್ವಿ. ನಮ್ಮದೂ ಇದೇ ಕಥೆ. ಮೊದಲು ದುಡ್ಡು ಉಳಿಸೋಣ ಅಂತ ಹಳೇ ಡೂಮಿನ ಒಳಗೆ ಬರೀ ಎಲ್‌ಇಡಿ ಬಲ್ಬ್ ತಂದು ಹಾಕಿದೆ, 3ಕ್ಕೆ 540 ರೂಪಾಯಿ. ಎರಡು ಹತ್ತಲೇ ಇಲ್ಲ. ಅಂಗಡಿಯವನ ಹತ್ರ ಜಗಳ ಆಡ್ಕೊಂಡು ಬಂದೆ. ಆಮೇಲೆ ಗೊತ್ತಾಯ್ತು, ಪಾಸಿಟಿವ್-ನೆಗೆಟಿವ್ ತಿರುಗಿತ್ತು. ಹಳೇ ಬಲ್ಬಿಗೆ ಹೇಗೆ ಕೊಟ್ರೂ ನಡೆಯುತ್ತೆ, ಎಲ್‌ಇಡಿಗೆ ನಡೆಯಲ್ಲ. ಸರಿ ಮಾಡಿದ ಮೇಲೆ ಹಸಿರು ದೀಪ ನೀಲಿ ಹೊಡೀತಿತ್ತು, ಹಸಿರು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಇಟ್ರೆ ಹಾಗೇ. 540 ನೀರಲ್ಲಿ ಹೋಯ್ತು. ಕೊನೆಗೆ ಪೂರ್ತಿ ಸೆಟ್ ತರಿಸಿದೆ, 3,850. ಕೊರಿಯರ್ 180. ಬ್ರಾಕೆಟ್ ವೆಲ್ಡಿಂಗ್ 250. ಇವತ್ತಿನವರೆಗೂ ಒಂದು ದಿನ ಕೈಕೊಟ್ಟಿಲ್ಲ.

ಕೋಲಾರದ ಕೆರೆ ಮಗ:
ದೀಪ ಬದಲಾಯಿಸಿ ಏನ್ ಮಾಡ್ತೀರ, ತಂತಿ ಕೊಳೆತಿದ್ರೆ? 2021ರ ನವೆಂಬರ್ ಮಳೆಗೆ ನಮ್ಮ ಕಡೆ ಕೆರೆಗಳೆಲ್ಲ ಕೋಡಿ ಬಿದ್ದವು. ಬೋಟ್ ರಾತ್ರಿ ಹಗಲು ನೀರಲ್ಲೇ. ಜನವರಿಗೆ ಬಿಳಿ ದೀಪ ಸತ್ತುಹೋಯ್ತು. ತುದಿ ಕತ್ತರಿಸಿದೆ, ತಾಮ್ರ ಕಪ್ಪು. ಒಂದು ಗೇಣು ಕತ್ತರಿಸಿದೆ, ಇನ್ನೂ ಕಪ್ಪು. ಒಂದು ಮೊಳ ಹೋದರೂ ಕಪ್ಪೇ. ಕವಚದ ಒಳಗೆ ನೀರು ಎಳಕೊಂಡು ಹೋಗಿತ್ತು. ಕತ್ತರಿಸಿ ಕತ್ತರಿಸಿ ತಂತಿ ಸಾಲದೇ ಹೋಯ್ತು. ತವರ ಲೇಪದ ತಂತಿ ಹುಡುಕಿಕೊಂಡು ಬೆಂಗಳೂರಿನ ಎಸ್.ಪಿ. ರೋಡ್ ಇಡೀ ದಿನ ಸುತ್ತಿದೆ, ಸಿಗಲಿಲ್ಲ, ಮಂಗಳೂರಿಂದ ತರಿಸಿದೆ. ಮೀಟರಿಗೆ 95 ಬಿತ್ತು, 20 ಮೀಟರು. ಬಸ್ಸು, ಊಟ, ಒಂದು ದಿನದ ಕೂಲಿ ಬೇರೆ. ನಮ್ಮ ಕೆರೆಗೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರೋಕೆ ಶುರುವಾದ ಮೇಲೇ ಇದೆಲ್ಲ. ಮೊದಲು ಯಾವ ತಂತಿಯೂ ಹೀಗೆ ಕೊಳೆತಿರಲಿಲ್ಲ.

ಬಿ.ಎಚ್. ರೋಡ್ ಆಟೋ ಎಲೆಕ್ಟ್ರಿಕ್:
ತಪ್ಪನ್ನ ನೀರಿನ ಮೇಲೆ ಯಾಕಪ್ಪಾ ಹಾಕ್ತೀಯ? ತುಮಕೂರಲ್ಲಿ 22 ವರ್ಷದಿಂದ ಲಾರಿ, ಟ್ರ್ಯಾಕ್ಟರ್ ವೈರಿಂಗ್ ಮಾಡ್ತಿದೀನಿ. ನೀರೇ ಕಾಣದ ಟ್ರೈಲರಿನಲ್ಲೂ ತಾಮ್ರ ಕಿಲುಬು ಹಿಡಿಯುತ್ತೆ. ತಪ್ಪು ಜಾಯಿಂಟಿಂದು. ತಂತಿ ತಿರುಚಿ ಟೇಪ್ ಸುತ್ತಿ ಕೈ ತೊಳ್ಕೊಂಡವರದು.

ಕುಣಿಗಲ್ ಅವರೇ, ಏನೂ ಕೀಳಬೇಡಿ. ನಿಮ್ಮ ಲಕ್ಷಣ ನೋಡಿದ್ರೆ ಮೂರು ದೀಪಕ್ಕೂ ಸೇರಿದ ನೆಗೆಟಿವ್ ದಾರಿಯಲ್ಲಿ ಎಲ್ಲೋ ಜಾಯಿಂಟ್ ಕೆಟ್ಟಿದೆ. ಅಲ್ಲಿ ಒಂದು ಓಮ್ ತಡೆ ಇದ್ರೂ ಸಾಕು, ಒಂದು ದೀಪಕ್ಕೆ 0.8 ವೋಲ್ಟ್ ತಿನ್ನುತ್ತೆ, ಮೂರೂ ಹಾಕಿದ್ರೆ 2 ವೋಲ್ಟ್ ದಾಟುತ್ತೆ. ಬಲ್ಬಿನ ಬೆಳಕು ಅರ್ಧಕ್ಕಿಳಿಯೋಕೆ ಅಷ್ಟು ಸಾಕು. ಕರೆಂಟ್ ಕಮ್ಮಿಯಾಗುತ್ತೇ ಹೊರತು ಜಾಸ್ತಿಯಾಗಲ್ಲ, ಅದಕ್ಕೇ ಫ್ಯೂಸ್ ಹೋಗ್ತಿಲ್ಲ. ಎಲ್ಲಾ ಆಫ್ ಮಾಡಿ ಬ್ಯಾಟರಿ ಅಳೆದ್ರೆ ಇದು ಕಾಣಲ್ಲ. ಮೂರೂ ದೀಪ ಉರೀತಿರುವಾಗಲೇ ಮೀಟರಿನ ಕಪ್ಪು ಕಡ್ಡಿ ಬ್ಯಾಟರಿ ನೆಗೆಟಿವ್ ಮೇಲೆ, ಕೆಂಪು ಕಡ್ಡಿ ಹೋಲ್ಡರಿನ ನೆಗೆಟಿವ್ ಮೇಲೆ ಇಡಿ. ಸೊನ್ನೆ ಹತ್ರ ಇರಬೇಕು. ಅರ್ಧ ವೋಲ್ಟ್ ದಾಟಿದ್ರೆ ಕೆಂಪು ಕಡ್ಡಿಯನ್ನ ಒಂದೊಂದೇ ಜಾಯಿಂಟ್ ಹಿಂದಕ್ಕೆ ತನ್ನಿ. ಎಲ್ಲಿ ದಾಟಿದಾಗ ರೀಡಿಂಗ್ ಬಿದ್ದುಹೋಗುತ್ತೋ ಅದೇ ಜಾಯಿಂಟು. ಪಾಸಿಟಿವ್ ಕಡೆಯೂ ಇದೇ ಥರ.

ನಾನು ಇದನ್ನ ದುಡ್ಡು ಕೊಟ್ಟು ಕಲಿತವನು. ಒಂದು ಲಾರಿಗೆ ಮೂರು ದಿನ ಬ್ಯಾಟರಿ ಬದಲಾಯಿಸ್ದೆ, ಆಲ್ಟರ್ನೇಟರ್ ಬಿಚ್ಚಿದೆ. ತಪ್ಪಿದ್ದದ್ದು ಚಾಸಿ ಮೇಲಿನ ಒಂದು ಅರ್ತ್ ಬೋಲ್ಟಲ್ಲಿ. ಆ ಓನರ್ ಮತ್ತೆ ನಮ್ಮ ಅಂಗಡಿಗೆ ಬರಲೇ ಇಲ್ಲ. ಬೇಜಾರು ಈಗಲೂ ಇದೆ.

ಶಿರಾ ಸೀಮೆ:
ಎಲ್‌ಇಡಿ ಹಾಕಿದ ಮೇಲೆ ನಮಗೆ ಸರಿಹೋಯ್ತಲ್ಲ, ಅದಕ್ಕೇನಂತೀರ?

ಬಿ.ಎಚ್. ರೋಡ್ ಆಟೋ ಎಲೆಕ್ಟ್ರಿಕ್:
ಎಲ್‌ಇಡಿ ಎಳೆಯೋದೇ ಕಮ್ಮಿ ಕರೆಂಟು, ಅದಕ್ಕೆ ಕಾಣ್ತಿಲ್ಲ. ಕೆಟ್ಟ ಜಾಯಿಂಟ್ ಇದ್ದ ಜಾಗದಲ್ಲೇ ಇದೆ. ನಾಲ್ಕು ಸಾವಿರ ಕೊಟ್ಟು ಮುಚ್ಚಿಟ್ಟಿದೀರ ಅಷ್ಟೇ.

ಶಿರಾ ಸೀಮೆ:
ನನ್ನ ದುಡ್ಡು, ನನ್ನ ಬೋಟು. ಕತ್ತಲಲ್ಲಿ ಹಿನ್ನೀರಿನ ಮಧ್ಯೆ ದೀಪ ಹೋದಾಗ ನೀವು ಬಂದಿರಲಿಲ್ಲ.

ಚಿಕ್ಕಬಳ್ಳಾಪುರ ತೆಪ್ಪ:
ಕೆರೆಗೆಲ್ಲಾ ಕೆಂಪು ಹಸಿರು ಯಾಕ್ರೀ? ನಮ್ಮಪ್ಪ 40 ವರ್ಷ ಹರಿಗೋಲಲ್ಲಿ ಬಲೆ ಬಿಟ್ಟರು, ಒಂದು ಟಾರ್ಚು ಇಟ್ಕೊಂಡು. ಸಮುದ್ರದ ನಿಯಮದಲ್ಲೇ ಹುಟ್ಟು ಹಾಕೋ ದೋಣಿಗೆ ಒಂದು ಬಿಳಿ ದೀಪ ಕೈಯಲ್ಲಿದ್ರೆ ಸಾಕು ಅಂತಿದೆ.

ಮುಳಬಾಗಿಲು ಮನೆ:
ಹರಿಗೋಲು ಬೇರೆ, ಇಂಜಿನ್ ಬೇರೆ. ನಮ್ಮ ಚಿಕ್ಕಪ್ಪನ ತೆಪ್ಪಕ್ಕೆ ಮೋಟಾರ್ ಬೋಟ್ ಬಂದು ಗುದ್ದಿದ್ದು ಬೆಳಗಿನ ಜಾವ ನಾಲ್ಕೂವರೆಗೆ. ಆ ಬೋಟಲ್ಲಿ ಬಿಳಿ ಒಂದೇ ಉರೀತಿತ್ತು. ತಮ್ಮ ಕಡೆಗೆ ಬರ್ತಿದೆಯೋ, ದೂರ ಹೋಗ್ತಿದೆಯೋ ಅಂತ ಚಿಕ್ಕಪ್ಪನಿಗೆ ಗೊತ್ತೇ ಆಗಲಿಲ್ಲ. ಕೆಂಪು-ಹಸಿರು ಎರಡೂ ಕಂಡ್ರೆ ಎದುರಿಗೇ ಬರ್ತಿದೆ ಅಂತ, ಕೆಂಪು ಒಂದೇ ಕಂಡ್ರೆ ಅದರ ಎಡಮಗ್ಗುಲು ಅಂತ. ಅದಕ್ಕೇ ಇರೋದು ಆ ದೀಪ. 7 ಮೀಟರ್‌ಗಿಂತ ಚಿಕ್ಕದು, 7 ನಾಟ್ ಮೇಲೆ ಓಡದ್ದು, ಅಂದ್ರೆ ಗಂಟೆಗೆ ಸುಮಾರು 13 ಕಿಲೋಮೀಟರ್, ಅಂಥದ್ದಕ್ಕೆ ಬಿಳಿ ಒಂದೇ ಸಾಕು ಅಂತ ಸಮುದ್ರದ ನಿಯಮದಲ್ಲಿದೆ, ಆದ್ರೆ ಆದಷ್ಟೂ ಪಕ್ಕದ ದೀಪವೂ ಇರಲಿ ಅಂತ ಅಲ್ಲೇ ಬರೆದಿದೆ. ಆಸ್ಪತ್ರೆಗೆ 62,000. ಬಲೆ ಹೋಗಿದ್ದು 14,000. ಗುದ್ದಿದವರು ಒಂದು ರೂಪಾಯಿ ಕೊಡಲಿಲ್ಲ. ಬೇಡ ಅನ್ನೋರು ನಮ್ಮನೆಗೆ ಬಂದು ಚಿಕ್ಕಪ್ಪನ ಭುಜ ನೋಡಿ ಹೋಗಿ.

ಚಿಕ್ಕಬಳ್ಳಾಪುರ ತೆಪ್ಪ:
ಅಯ್ಯೋ, ನಾನು ಹೇಳಿದ್ದು ತೆಪ್ಪಕ್ಕೆ ಕಣ್ರೀ. ಚಿಕ್ಕಪ್ಪನವರು ಈಗ ಹೇಗಿದಾರೆ?

ಕೋಲಾರದ ಕೆರೆ ಮಗ:
ಆಟೋ ಎಲೆಕ್ಟ್ರಿಕ್ ಅಣ್ಣಾ, ತುಮಕೂರಲ್ಲಿ ಹೇಮಾವತಿ ಕುಡ್ಕೊಂಡು ನಮ್ಮ ನೀರಿನ ಬಗ್ಗೆ ಮಾತಾಡೋದು ಸುಲಭ. ಮೂರನೇ ಹಂತದ ಶುದ್ಧೀಕರಣ ಮಾಡಿ ಬಿಡಿ ಅಂತ ಇಲ್ಲಿ ಜನ ಎಷ್ಟು ವರ್ಷದಿಂದ ಕೇಳ್ತಿದಾರೆ ಗೊತ್ತಾ?

ಮಾಲೂರು ರೈತ:
ಅದೇ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಾಗ ಕುಣಿದಿದ್ದು ಯಾರು? ನಮ್ಮ ಬೋರ್‌ವೆಲ್ ಮತ್ತೆ ಬಂದಿದ್ದು ಅದರಿಂದಲೇ. ನಿನ್ನ ಒಂದು ಮೊಳ ತಂತಿಗೋಸ್ಕರ ಆ ನೀರಿಗೆ ಕೆಟ್ಟ ಹೆಸರು ತರಬೇಡ.

ಕೋಲಾರದ ಕೆರೆ ಮಗ:
ಕುಣಿದವರಲ್ಲಿ ನಾನೂ ಇದ್ದೆ. ಬಂದಿದ್ದು ಬೇಡ ಅಂದಿಲ್ಲ, ಶುದ್ಧವಾಗಿ ಬರಲಿ ಅಂದೆ.

ಕುಣಿಗಲ್ ಬಲೆಗಾರ:
ಎಲ್ಲರಿಗೂ ನಮಸ್ಕಾರ. ಅಣ್ಣ ಹೇಳಿದ ಹಾಗೆ ದೀಪ ಉರಿಸಿಕೊಂಡೇ ಅಳೆದೆ. ಹೋಲ್ಡರಲ್ಲಿ 2.3 ವೋಲ್ಟ್. ಹಿಂದಕ್ಕೆ ಬರ್ತಾ ಬರ್ತಾ ಹಿಂದಿನ ಸೀಟಿನ ಕೆಳಗೆ ಮೂರು ಕಪ್ಪು ತಂತಿ ತಿರುಚಿ ಟೇಪ್ ಸುತ್ತಿದ ಗಂಟು ಸಿಕ್ತು. ಅದನ್ನ ದಾಟಿದ ಮೇಲೆ 0.2. ಟೇಪ್ ಬಿಚ್ಚಿದ್ರೆ ಹಸಿರು ಪುಡಿ ಉದುರಿತು. ನಾಲ್ಕು ಇಂಚು ಕತ್ತರಿಸಿದ್ಮೇಲೆ ಹೊಳೆಯೋ ತಾಮ್ರ ಬಂತು. ಲಗ್ (ತಂತಿ ತುದಿಗೆ ಒತ್ತೋ ಲೋಹದ ಕೊಂಡಿ), ಅಂಟು ಇರೋ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಬಿಗಿಯಾಗೋ ಕೊಳವೆ), ಎಲ್ಲಾ ಸೇರಿ 130 ರೂಪಾಯಿ. ಮೂರೂ ದೀಪ ಚೆನ್ನಾಗಿ ಉರೀತಿವೆ.

ಬಿ.ಎಚ್. ರೋಡ್ ಆಟೋ ಎಲೆಕ್ಟ್ರಿಕ್:
ಆ ಜಾಯಿಂಟನ್ನ ಸೀಟಿನ ಕೆಳಗೆ ಬಿಡಬೇಡಿ, ನೀರು ನಿಲ್ಲೋ ಜಾಗ. ಪಕ್ಕದ ಗೋಡೆಗೆ ಮೇಲೆ ಕ್ಲಿಪ್ ಹೊಡೀರಿ. ಮುಂದೆ ತಂತಿ ಹೊಸದು ಎಳೆಯೋದಾದ್ರೆ ಮನೆ ವೈರಿಂಗಿನ ಒಂಟಿ ಎಳೆ ತಂತಿ ಬೇಡ, ಇಂಜಿನ್ ಅದುರೋದಕ್ಕೆ ಮುರಿಯುತ್ತೆ. 2.5 ಸ್ಕ್ವೇರ್ ಎಂಎಂ, ಬಹಳ ಎಳೆ ಇರೋದು ತಗೊಳ್ಳಿ.

ಮುಳಬಾಗಿಲು ಮನೆ:
ಕುಣಿಗಲ್ ಅವರೇ, ಬಿಳಿ ದೀಪದ ಕಂಬ ಎಷ್ಟು ಎತ್ತರ ಇದೆ? ಕೆಂಪು-ಹಸಿರಿಗಿಂತ ಒಂದು ಮೀಟರ್ ಆದ್ರೂ ಮೇಲಿರಬೇಕು. ಬಲೆ ಎಳೆಯೋಕೆ ನೀವು ಎದ್ದು ನಿಂತಾಗ ದೀಪ ನಿಮ್ಮ ಮೈಗೆ ಮರೆಯಾಗುತ್ತಾ ಅಂತ ದಡದಲ್ಲಿ ಒಬ್ಬರನ್ನ ನಿಲ್ಲಿಸಿ ನೋಡಿಸಿ. ಇವತ್ತೇ ನೋಡಿಸಿ.